16 ಜನ, ಎರಡು ಒಲೆ: ಬೀಗರಿಗೆ ಶನಿವಾರ ರಾತ್ರಿ ಊಟಕ್ಕೆ ಏನೇನು ಮಾಡಲಿ?

ಸರಸ್ವತಿಪುರಂ ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿಗೆ ಮದುವೆಯಾಗಿ ಇದು ಮೊದಲ ದೀಪಾವಳಿ. ಮಗಳು ಅಳಿಯ ಬರ್ತಾರೆ ಅಂತ ಅಮ್ಮ ಸಂಭ್ರಮದಲ್ಲಿದ್ದಾರೆ. ಹಬ್ಬ ಮುಗಿದ ಮೇಲಿನ ಶನಿವಾರ ಧಾರವಾಡದಿಂದ ಬೀಗರೂ ನಮ್ಮ ಮೈಸೂರಿನ ಮನೆಗೆ ಬರುತ್ತಿದ್ದಾರೆ. ಅವರು 9 ಜನ, ನಾವು 7, ಒಟ್ಟು 16. ರಾತ್ರಿ ಊಟ ಮನೆಯಲ್ಲೇ.

ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಕ್ಕಾಗಲ್ಲ. ಅಡುಗೆ ನಾನು ಮತ್ತು ನನ್ನ ಹೆಂಡತಿ ಮಾಡುತ್ತೇವೆ. ಇಬ್ಬರಿಗೂ ದಿನದ ಅಡುಗೆ ಚೆನ್ನಾಗಿ ಬರುತ್ತೆ, ಆದರೆ ಇಷ್ಟು ಜನಕ್ಕೆ ಅಳತೆ ಗೊತ್ತಿಲ್ಲ. ಮನೆಯಲ್ಲಿರೋದು ಎರಡು ಒಲೆಯ ಗ್ಯಾಸ್, 5 ಲೀಟರ್ ಕುಕ್ಕರ್ ಒಂದು, 3 ಲೀಟರಿನದು ಒಂದು. ಅಡುಗೆಯವರಿಗೆ ಹೇಳಿಬಿಡು ಅಂತ ಚಿಕ್ಕಪ್ಪ ಹೇಳಿದರು. ಆದರೆ ಬೀಗರು ಮೊದಲ ಸಲ ಮನೆಗೆ ಊಟಕ್ಕೆ ಬರುವಾಗ ನಮ್ಮ ಕೈ ಅಡುಗೆಯನ್ನೇ ಬಡಿಸಬೇಕು ಅನ್ನೋದು ನಮ್ಮಿಬ್ಬರ ಆಸೆ.

ಅಮ್ಮ ಬರೆಸಿದ ಪಟ್ಟಿ ಹೀಗಿದೆ: ಹೋಳಿಗೆ, ಪಾಯಸ, ಎರಡು ಪಲ್ಯ, ಎರಡು ಕೋಸಂಬರಿ, ಬಿಸಿಬೇಳೆ ಬಾತ್, ಮಜ್ಜಿಗೆ ಹುಳಿ, ಸಾರು, ಬೋಂಡ, ಪೂರಿ ಸಾಗು, ಮೊಸರನ್ನ. ಇದರ ಜೊತೆಗೆ ಉತ್ತರ ಕರ್ನಾಟಕದವರು ಅಲ್ವಾ, ಜೋಳದ ರೊಟ್ಟಿ ಎಣ್ಣೆಗಾಯಿ ಇಲ್ಲದಿದ್ದರೆ ಊಟ ಅನ್ನಿಸುತ್ತಾ ಅಂತ ಹೆಂಡತಿಯ ಪ್ರಶ್ನೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ತೀರ್ಥಹಳ್ಳಿ ಕಡೆಯವಳು

ಮೊದಲು ಪೂರಿ ಮತ್ತು ಬೋಂಡ ಬಿಡಿ. ಒಂದೊಂದೇ ಕರಿದು, ಬೇಯಿಸಿ ಕೊಡಬೇಕಾದ ಯಾವುದೂ ರಾತ್ರಿ ಊಟಕ್ಕೆ ಬೇಡ. 16 ಜನಕ್ಕೆ ತಲಾ ಮೂರು ಪೂರಿ ಅಂದರೂ 48 ಪೂರಿ. ಅಷ್ಟೂ ಹೊತ್ತು ಒಬ್ಬರು ಬಾಣಲೆ ಮುಂದೆ ನಿಂತಿರಬೇಕು, ಒಂದು ಒಲೆಯೂ ಅದಕ್ಕೇ ಹೋಯಿತು. ದೋಸೆ, ಚಪಾತಿ, ಬಿಸಿ ರೊಟ್ಟಿ ಎಲ್ಲದರ ಕಥೆಯೂ ಇಷ್ಟೇ. ಬೀಗರು ಬಂದಿರೋದು ನಿಮ್ಮ ಜೊತೆ ಕೂತು ಮಾತಾಡೋಕೆ. ನೀವಿಬ್ಬರೂ ಅಡುಗೆಮನೆ ಬಿಟ್ಟು ಹೊರಗೇ ಬರದಿದ್ದರೆ ಅವರಿಗೂ ಕಸಿವಿಸಿ.

ಹೋಳಿಗೆಯನ್ನು ಹಿಂದಿನ ದಿನವೇ ಮಾಡಿಡಬಹುದು ನಿಜ. ಆದರೆ ಹಬ್ಬದ ಕೆಲಸ ಮುಗಿಸಿದ ಮೈಗೆ ಮತ್ತೆ ಹೂರಣ ರುಬ್ಬೋದು ಬೇಕಾ ಅಂತ ಯೋಚಿಸಿ.

ವಿದ್ಯಾಗಿರಿ ವೈನಿ

ನಾನು ಧಾರವಾಡದವಳು, ಅದಕ್ಕೆ ರೊಟ್ಟಿ ಪ್ರಶ್ನೆಗೆ ನಾನೇ ಉತ್ತರ ಹೇಳುತ್ತೇನೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ನಮ್ಮ ಮನೆಯಲ್ಲಿ ದಿನಾ ಇರುತ್ತೆ. ಅಷ್ಟು ದೂರ ಬಂದು ನಿಮ್ಮ ಮನೆಯಲ್ಲೂ ಅದನ್ನೇ ತಿನ್ನಬೇಕಾ? ರೊಟ್ಟಿ ಬಡಿಯೋದು ದಿನಾ ಮಾಡುವವರ ಕೈಗೆ ಮಾತ್ರ ಬರೋದು. ಅಭ್ಯಾಸ ಇಲ್ಲದವರು ಮಾಡಿದರೆ ಅಂಚು ಒಡೆಯುತ್ತೆ, ಉಬ್ಬೋದಿಲ್ಲ. ನಮ್ಮ ಮಂದಿಗೆ ಮೈಸೂರು ಕಡೆಯ ಬಿಸಿಬೇಳೆ ಬಾತ್ ಅಂದರೆ ಭಾಳ ಇಷ್ಟ, ಅದನ್ನೇ ಮುಖ್ಯ ಮಾಡಿ. ಹಿರಿಯರಿಗೆ ರೊಟ್ಟಿ ಬೇಕೇ ಬೇಕು ಅನ್ನಿಸಿದರೆ ಕಡಕ್ ರೊಟ್ಟಿ ಒಂದು ಕಟ್ಟು ತಂದಿಡಿ, ಮೊಸರು ಚಟ್ನಿಪುಡಿ ಜೊತೆ ಮುರಿದುಕೊಂಡು ತಿನ್ನುತ್ತಾರೆ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ, ಮಿಕ್ಕರೂ ಚಿಂತೆ ಇಲ್ಲ.

ಇನ್ನೊಂದು ಮಾತು. ಅವರು ಪೇಡೆ ತಂದೇ ತರುತ್ತಾರೆ. ಅದಕ್ಕೆ ನೀವು ಖೋವಾದ ಸಿಹಿ ಮಾಡಬೇಡಿ.

ಉತ್ಥಾನ

ಪಟ್ಟಿ ಮಾಡೋ ಮೊದಲು ಒಂದು ಫೋನ್ ಮಾಡಿ. ಧಾರವಾಡದವರು ಅಂದಿರಿ, ಮಾಧ್ವರಾ? ಹೌದು ಅಂತಾದರೆ ಮನೆಯ ಹಿರಿಯರು ಚಾತುರ್ಮಾಸ್ಯ ವ್ರತ ಹಿಡಿದಿರಬಹುದು. ನಾಲ್ಕು ತಿಂಗಳು, ತಿಂಗಳಿಗೊಂದು ಪದಾರ್ಥ ಬಿಡೋದು. ಮೊದಲನೆಯದು ಶಾಕ ವ್ರತ, ಅಂದರೆ ತರಕಾರಿ, ಆಮೇಲೆ ದಧಿ ಅಂದರೆ ಮೊಸರು, ಕ್ಷೀರ ಅಂದರೆ ಹಾಲು, ಕೊನೆಯದು ದ್ವಿದಳ, ಅಂದರೆ ಬೇಳೆ ಕಾಳು. ದೀಪಾವಳಿ ಬರೋದು ಈ ದ್ವಿದಳದ ತಿಂಗಳಲ್ಲೇ. ಕಾರ್ತಿಕದ ಉತ್ಥಾನ ದ್ವಾದಶಿ, ಅಂದರೆ ತುಳಸಿ ಹಬ್ಬದವರೆಗೂ ವ್ರತದವರು ಬೇಳೆ ಕಾಳು ಮುಟ್ಟೋದಿಲ್ಲ. ಹಾಗಾದರೆ ಬಿಸಿಬೇಳೆ ಬಾತ್, ಕೋಸಂಬರಿ, ಬೇಳೆ ಹೋಳಿಗೆ ಯಾವುದೂ ಅವರಿಗೆ ನಡೆಯಲ್ಲ. ಒಗ್ಗರಣೆಗೆ ಹಾಕೋ ಉದ್ದಿನಬೇಳೆ ಕಡ್ಲೆಬೇಳೆಯೂ ಲೆಕ್ಕಕ್ಕೆ ಬರುತ್ತೆ. ಕಟ್ಟುನಿಟ್ಟಿನವರು ತರಕಾರಿಯಲ್ಲೂ ಕೆಲವನ್ನು ಬಿಡುತ್ತಾರೆ. ರಾತ್ರಿ ಅನ್ನ ಊಟ ಮಾಡ್ತಾರಾ, ಬರೀ ಫಲಾಹಾರನಾ ಅನ್ನೋದನ್ನೂ ಕೇಳಿ. ಈ ನಾಲ್ಕು ತಿಂಗಳು ಈರುಳ್ಳಿ ಬೆಳ್ಳುಳ್ಳಿ ಬಿಡೋ ಮನೆಗಳೂ ಬೇಕಾದಷ್ಟಿವೆ.

ತಟ್ಟೆ ಮುಂದೆ ಕೂತ ಮೇಲೆ ಒಬ್ಬ ಅಜ್ಜಿ "ನನಗೆ ಏನೂ ಬೇಡಮ್ಮ, ಒಂದು ಲೋಟ ಹಾಲು ಸಾಕು" ಅಂದರೆ ಮಾಡಿದವರಿಗೆ ಎಷ್ಟು ಬೇಜಾರಾಗುತ್ತೆ ಹೇಳಿ.

ಸರಸ್ವತಿಪುರಂ ಅಣ್ಣ

ಇದು ನಮಗೆ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಈಗಷ್ಟೇ ತಂಗಿಗೆ ಫೋನ್ ಮಾಡಿದೆ. ಅವಳ ಗಂಡನ ಅಜ್ಜಿ ವ್ರತದಲ್ಲಿದ್ದಾರೆ. ರಾತ್ರಿ ಫಲಾಹಾರ ಮಾತ್ರ. ಮನೆಯಲ್ಲಿ ಉಳಿದವರು ಬೇಳೆ ತಿನ್ನುತ್ತಾರೆ, ಆದರೆ ಈಗ ಈರುಳ್ಳಿ ಬೆಳ್ಳುಳ್ಳಿ ಯಾರೂ ತಿನ್ನಲ್ಲ. ಬೀಗರಿಗೆ, ಅಂದರೆ ತಂಗಿಯ ಮಾವನಿಗೆ, ಸಕ್ಕರೆ ಕಾಯಿಲೆ ಇದೆ. ಮಕ್ಕಳು ಇಬ್ಬರು, ಖಾರ ತಿನ್ನಲ್ಲ. ಊಟ ಆದ ಮೇಲೆ ಎಲ್ಲರೂ ಇಲ್ಲೇ ಮಲಗುತ್ತಾರೆ, ಯಾರೂ ಗಾಡಿ ಓಡಿಸಬೇಕಾಗಿಲ್ಲ.

ತೀರ್ಥಹಳ್ಳಿ ಕಡೆಯವಳು

ಈಗ ಅರ್ಧ ಕೆಲಸ ಆದ ಹಾಗೆ. ಯಾರು ಏನು ತಿನ್ನಲ್ಲ ಅನ್ನೋದು ಗೊತ್ತಾದರೆ ಪಟ್ಟಿ ತಾನಾಗೇ ಚಿಕ್ಕದಾಗುತ್ತೆ.

ಅಗ್ರಹಾರದ ಸೋಸಿ

ಬಿಸಿಬೇಳೆ ಬಾತ್ ಅಳತೆ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಹಬ್ಬ ಹುಣ್ಣಿಮೆಗೆಲ್ಲ ಇದೇ. ಬೇರೆ ಪದಾರ್ಥಗಳೂ ಇರುವಾಗ 16 ಜನಕ್ಕೆ 600 ಗ್ರಾಂ ಅಕ್ಕಿ, 500 ಗ್ರಾಂ ತೊಗರಿಬೇಳೆ, 1 ಕೆಜಿ ತರಕಾರಿ ಸಾಕು. ಒಂದು ಕೆಜಿ ಅಕ್ಕಿ ಹಾಕಿ ಅನ್ನುವವರ ಮಾತು ಕೇಳಬೇಡಿ, ನೀರು ಕುಡಿದು ಅದು ಎಷ್ಟು ಹಿಗ್ಗುತ್ತೆ ಅಂದರೆ ಮಾರನೇ ದಿನವೂ ತಿನ್ನಬೇಕಾಗುತ್ತೆ. ತರಕಾರಿಗೆ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ನುಗ್ಗೆಕಾಯಿ. ಈರುಳ್ಳಿ ಇಲ್ಲದಿದ್ದರೆ ಏನೂ ಕೊರತೆ ಇಲ್ಲ, ಇಂಗು ಸ್ವಲ್ಪ ಮುಂದಾಗಿ ಹಾಕಿ.

ಪುಡಿಗೆ: ಧನಿಯಾ 5 ಚಮಚ, ಕಡ್ಲೆಬೇಳೆ 3, ಉದ್ದಿನಬೇಳೆ 2, ಬ್ಯಾಡಗಿ ಮೆಣಸಿನಕಾಯಿ 20, ಮೆಂತ್ಯ ಅರ್ಧ ಚಿಕ್ಕ ಚಮಚ, ಚಕ್ಕೆ ಬೆರಳುದ್ದ, ಲವಂಗ 8, ಮರಾಠಿ ಮೊಗ್ಗು 3, ಗಸಗಸೆ 1 ಚಮಚ, ಕೊಬ್ಬರಿ ತುರಿ 1 ಬಟ್ಟಲು. ಚಮಚ ಅಂದರೆ ಊಟದ ದೊಡ್ಡ ಚಮಚ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಧನಿಯಾ ಘಮ್ಮಂತ ಬರೋ ಹೊತ್ತಿಗೆ ಮೆಂತ್ಯ ಸೀದು ಕಹಿಯಾಗಿರುತ್ತೆ, ಒಟ್ಟಿಗೆ ಹಾಕಿದರೆ ಸರಿಹೋಗಲ್ಲ. ಕೊಬ್ಬರಿ ಕೊನೆಗೆ, ಒಲೆ ಆರಿಸಿ ಬಿಸಿ ಬಾಣಲೆಯಲ್ಲೇ ಆಡಿಸಿದರೆ ಸಾಕು. ಪುಡಿಯನ್ನು ಗುರುವಾರವೇ ಮಾಡಿಡಿ.

ಈಗ ಕುಕ್ಕರ್ ವಿಷಯ. ಅಕ್ಕಿ, ಬೇಳೆ ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು, ನೊರೆ ಉಕ್ಕಿ ಕೊಳವೆ ಕಟ್ಟಿಕೊಳ್ಳುತ್ತೆ. ಅಂದಮೇಲೆ ಎಲ್ಲವನ್ನೂ ಒಟ್ಟಿಗೆ 5 ಲೀಟರ್ ಕುಕ್ಕರಿನಲ್ಲಿ ಕೂಗಿಸೋದು ಆಗದ ಮಾತು. ಮೊದಲು ದೊಡ್ಡ ಕುಕ್ಕರಿನಲ್ಲಿ ಬೇಳೆ, ಅರಿಸಿನ, ಒಂದು ಚಮಚ ಎಣ್ಣೆ, ಒಂದೂವರೆ ಲೀಟರ್ ನೀರು. ಬೇಳೆ ಕೈಯಲ್ಲಿ ಹಿಸುಕಿದರೆ ಬೆಣ್ಣೆ ಹಾಗೆ ಆಗಬೇಕು. ಅದನ್ನು ತೆಗೆದು ಅದೇ ಕುಕ್ಕರಿನಲ್ಲಿ ಅಕ್ಕಿ, ಮಾಮೂಲಿಗಿಂತ ನೀರು ಜಾಸ್ತಿ, ಮೆತ್ತಗೆ. ಇನ್ನೊಂದು ಒಲೆಯಲ್ಲಿ ದಪ್ಪ ತಳದ ದೊಡ್ಡ ಪಾತ್ರೆ ಇಟ್ಟು ತರಕಾರಿಯನ್ನು ಉಪ್ಪು ಹಾಕಿ ಬೇಯಿಸಿ, ಅದಕ್ಕೇ ಹುಣಸೆ ರಸ, ಒಂದು ಚೂರು ಬೆಲ್ಲ. ಹುಣಸೆಹಣ್ಣು ಎರಡು ನಿಂಬೆ ಗಾತ್ರ ಬೇಕು. ಹಸಿ ವಾಸನೆ ಹೋಗೋವರೆಗೂ ಕುದಿಸಿ, ಆಮೇಲೆ ಪುಡಿ, ಆಮೇಲೆ ಬೇಳೆ, ಕೊನೆಗೆ ಅನ್ನ. ಎಲ್ಲ ಸೇರಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕೊತಕೊತ ಕುದಿಯಲಿ. ತಳ ಬಿಡದೆ ಸೌಟಾಡಿಸಿ.

ಇಳಿಸುವಾಗ ಸೌಟಿನಿಂದ ಸಲೀಸಾಗಿ ಜಾರಬೇಕು, "ಅಯ್ಯೋ ನೀರಾಯ್ತಲ್ಲ" ಅನ್ನಿಸಬೇಕು. ಬಡಿಸೋ ಹೊತ್ತಿಗೆ ಅದೇ ಗಟ್ಟಿಯಾಗಿರುತ್ತೆ. ಪಕ್ಕದಲ್ಲಿ ಬಿಸಿ ನೀರು ಇಟ್ಟುಕೊಳ್ಳಿ. ಮತ್ತೆ ಬಿಸಿ ಮಾಡುವಾಗ ನೇರವಾಗಿ ಉರಿ ಮೇಲೆ ಇಡಬೇಡಿ, ತಳ ಹಿಡಿದರೆ ಪೂರ್ತಿ ಪಾತ್ರೆಗೇ ಸೀದ ವಾಸನೆ. ದೊಡ್ಡ ಬಾಣಲೆಯಲ್ಲಿ ನೀರು ಕುದಿಸಿ ಅದರೊಳಗೆ ಪಾತ್ರೆ ಕೂರಿಸಿ.

ಇಬ್ಬರು ಮಕ್ಕಳ ಅಮ್ಮ

ಮಕ್ಕಳಿಗೆ ಬೇರೆ ಅಡುಗೆ ಮಾಡೋಕೆ ಹೋಗಬೇಡಿ. ಬೆಂದ ಬೇಳೆಯಲ್ಲಿ ಒಂದು ಬಟ್ಟಲು, ಅನ್ನದಲ್ಲಿ ಒಂದು ಬಟ್ಟಲು ಮೊದಲೇ ತೆಗೆದಿಡಿ. ಬೇಳೆಗೆ ಉಪ್ಪು, ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟರೆ ತೊವ್ವೆ ಆಯಿತು. ತೊವ್ವೆ, ಅನ್ನ, ತುಪ್ಪ, ಹಪ್ಪಳ. ಏಳೂವರೆಗೇ ತಿನ್ನಿಸಿಬಿಡಿ. ಮಕ್ಕಳ ಹೊಟ್ಟೆ ತುಂಬಿದ್ದರೆ ಅವರ ಅಮ್ಮ ನೆಮ್ಮದಿಯಾಗಿ ಊಟ ಮಾಡುತ್ತಾಳೆ. ನಿಮ್ಮ ತಂಗಿಯ ಓರಗಿತ್ತಿ ಇದನ್ನು ಮರೆಯೋದಿಲ್ಲ.

ಹಳೇ ಮೈಸೂರು

ಎಲ್ಲರೂ ಕಡಿಮೆ ಮಾಡಿ ಅಂತಲೇ ಹೇಳುತ್ತಿದ್ದೀರಿ. ಬೀಗರ ಊಟ ಅಂದರೆ ಅದಕ್ಕೊಂದು ಮರ್ಯಾದೆ ಇದೆ. ಮದುವೆಯಾದ ಹೊಸತು, ಮೊದಲ ದೀಪಾವಳಿ, ಎಲೆಯಲ್ಲಿ ಎರಡು ಸಿಹಿಯಾದರೂ ಬೇಡವೇ? ಆ ತಾಯಿಗೆ ಹನ್ನೆರಡು ಪದಾರ್ಥ ಮಾಡಬೇಕು ಅನ್ನಿಸಿರೋದು ಪ್ರೀತಿಯಿಂದ ತಾನೇ. ಅದನ್ನು ತೆಗೆದುಹಾಕಬೇಡಿ.

ತೀರ್ಥಹಳ್ಳಿ ಕಡೆಯವಳು

ಪ್ರೀತಿ ಇಲ್ಲ ಅಂತ ಯಾರೂ ಹೇಳಲಿಲ್ಲ ಸರ್. ಆ ಅಮ್ಮನಿಗೆ ಮಂಡಿ ನೋವಿದೆ. ಪಟ್ಟಿ ಉದ್ದ ಆದಷ್ಟೂ ಅವರು ಸುಮ್ನೆ ಕೂರಲ್ಲ, ಎದ್ದು ಬಂದು ಒಲೆ ಮುಂದೆ ನಿಲ್ಲುತ್ತಾರೆ. ಐದು ಪದಾರ್ಥ ಇರಲಿ, ಐದೂ ಬಿಸಿಯಾಗಿ, ಹದವಾಗಿ ಇರಲಿ. ಅದೇ ಮರ್ಯಾದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಗ್ರಹಾರದ ಸೋಸಿ

ಎರಡು ಸಿಹಿಗೆ ದಾರಿ ಇದೆ. ಮೈಸೂರು ಕಡೆ ದೀಪಾವಳಿಗೆ ಕಜ್ಜಾಯ ಮಾಡೇ ಮಾಡುತ್ತೇವಲ್ಲ. ಅಕ್ಕಿ ಹಿಟ್ಟು, ಬೆಲ್ಲದ ಪಾಕ. ಎಣ್ಣೆ ಚೆನ್ನಾಗಿ ಒತ್ತಿ ತೆಗೆದಿದ್ದರೆ ಎಂಟು ಹತ್ತು ದಿನ ಏನೂ ಆಗಲ್ಲ, ದಿನ ಕಳೆದಷ್ಟೂ ರುಚಿ. ಹಬ್ಬಕ್ಕೆ ಮಾಡುವಾಗಲೇ ಒಂದು ಪಾವು ಅಕ್ಕಿ ಜಾಸ್ತಿ ನೆನೆಸಿ, ಶನಿವಾರಕ್ಕೆ ಡಬ್ಬಿಯಲ್ಲಿ ಎತ್ತಿಡಿ. ಅಮ್ಮನ ಕೈಯ ಸಿಹಿಯೂ ಎಲೆಗೆ ಬಂತು, ಅವತ್ತು ಕೆಲಸವೂ ಇಲ್ಲ.

ಇನ್ನೊಂದು ಗಸಗಸೆ ಪಾಯಸ ಮಾಡಿ. ರಾತ್ರಿ ಊಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಹೇಗೂ ಯಾರೂ ಗಾಡಿ ಓಡಿಸಬೇಕಾಗಿಲ್ಲ ಅಂದಿರಿ, ಚೆನ್ನಾಗಿ ನಿದ್ದೆ ಬರುತ್ತೆ.

ಹಳೇ ಮೈಸೂರು

ಕಜ್ಜಾಯ ಒಪ್ಪಿದೆ. ಮೊಮ್ಮಕ್ಕಳಿಗೂ ಕಟ್ಟಿ ಕಳಿಸಬಹುದು.

ಸರಸ್ವತಿಪುರಂ ಅಣ್ಣ

ಅಮ್ಮನಿಗೆ ಓದಿ ಹೇಳಿದೆ. ಕಜ್ಜಾಯ ಅಂದ ತಕ್ಷಣ ಹೋಳಿಗೆ ಕೈಬಿಟ್ಟರು! ಗಸಗಸೆ ಪಾಯಸದ ಅಳತೆ ಯಾರಾದರೂ ಹೇಳ್ತೀರಾ? ಅಜ್ಜಿಗೂ ಅದನ್ನು ಕೊಡಬಹುದಾ? ಅದರಲ್ಲಿ ಬೇಳೆ ಇಲ್ಲ ಅಲ್ವಾ.

ಉತ್ಥಾನ

ಬೇಳೆ ಇಲ್ಲ ಸರಿ. ಆದರೆ ಎಲ್ಲರೂ ಗಸಗಸೆ ಜೊತೆ ಎರಡು ಚಮಚ ಅಕ್ಕಿ ಹುರಿದು ರುಬ್ಬುತ್ತಾರೆ, ಮಂದ ಬರಲಿ ಅಂತ. ಅಕ್ಕಿ ಬೆಂದರೆ ಮುಸುರೆ ಆಯಿತು, ಫಲಾಹಾರದವರಿಗೆ ನಡೆಯಲ್ಲ. ಅಕ್ಕಿ ಬಿಟ್ಟು ಮಾಡಿ, ಆಗ ಅವರೂ ಕುಡಿಯಬಹುದು. ಇನ್ನೂ ಒಂದು, ಮಡಿ ಎಷ್ಟು ಅಂತ ತಂಗಿಯನ್ನು ಮೆಲ್ಲಗೆ ಕೇಳಿ. ಕೆಲವರು ಬೇರೆ ಮನೆಯಲ್ಲಿ ಬೇಯಿಸಿದ್ದು ತಿನ್ನಲ್ಲ, ಹಣ್ಣು ಹಾಲು ಮಾತ್ರ.

ದುಬೈ ಕನ್ನಡತಿ

ಅಕ್ಕಿ ಬದಲು ಬಾದಾಮಿ ಹಾಕಿ. ಯುಎಇಯಲ್ಲಿ ಗಸಗಸೆ ನಿಷೇಧ. ಊರಿಂದ ಬರುವಾಗ ಮಸಾಲೆ ಜೊತೆ ಒಂದು ಪೊಟ್ಟಣವೂ ತರೋ ಹಾಗಿಲ್ಲ. ಈ ಕಡೆಗೆ ಬರುವವರು ಇದನ್ನು ದಯವಿಟ್ಟು ನೆನಪಿಡಿ, ಗಸಗಸೆ ಹಾಕಿದ ಪುಡಿಯನ್ನೂ ತರಬೇಡಿ. ಹಾಗಾಗಿ ನಾವು ಇಲ್ಲಿ ತೆಂಗಿನಕಾಯಿ ಬಾದಾಮಿ ರುಬ್ಬಿಯೇ ಪಾಯಸ ಮಾಡೋದು. 20 ಬಾದಾಮಿ ನೆನೆಸಿ ಸಿಪ್ಪೆ ತೆಗೆದು ರುಬ್ಬಿದರೆ ಅಕ್ಕಿಯಷ್ಟೇ ಮಂದ ಬರುತ್ತೆ.

ಅಗ್ರಹಾರದ ಸೋಸಿ

ಬಾದಾಮಿ ಒಳ್ಳೆ ಉಪಾಯ. 16 ಜನಕ್ಕೆ ಚಿಕ್ಕ ಲೋಟದ ಲೆಕ್ಕದಲ್ಲಿ ಗಸಗಸೆ 100 ಗ್ರಾಂ, ದೊಡ್ಡ ತೆಂಗಿನಕಾಯಿ ಒಂದು, ಬೆಲ್ಲ 400 ಗ್ರಾಂ, ಹಾಲು ಅರ್ಧ ಲೀಟರ್, ಏಲಕ್ಕಿ 6. ಗಸಗಸೆಯನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೆ ಮಾತ್ರ ಹುರಿಯಿರಿ, ಬಣ್ಣ ತಿರುಗಬಾರದು. ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಮೊದಲು ಗಸಗಸೆಯನ್ನು ಮಾತ್ರ ಸ್ವಲ್ಪ ನೀರಿನಲ್ಲಿ ನುಣ್ಣಗೆ ರುಬ್ಬಿ, ಆಮೇಲೆ ಬಾದಾಮಿ, ಕಾಯಿ, ಏಲಕ್ಕಿ ಸೇರಿಸಿ. ಎಲ್ಲ ಒಟ್ಟಿಗೆ ಹಾಕಿದರೆ ಗಸಗಸೆ ಅಲ್ಲಲ್ಲೇ ಉಳಿದು ಹಲ್ಲಿಗೆ ಸಿಗುತ್ತೆ.

ಒಂದು ಲೀಟರ್ ನೀರಿಗೆ ಬೆಲ್ಲ ಹಾಕಿ ಕರಗಿಸಿ, ಶೋಧಿಸಿ, ರುಬ್ಬಿದ್ದನ್ನು ಸೇರಿಸಿ ಕೈಬಿಡದೆ ಕುದಿಸಿ. ಹಾಲನ್ನು ಆಗ ಹಾಕಬೇಡಿ. ಕುದಿಯೋ ಬೆಲ್ಲಕ್ಕೆ ಹಾಲು ಬಿದ್ದರೆ ಒಡೆಯೋ ಸಾಧ್ಯತೆ ಜಾಸ್ತಿ. ಪಾಯಸ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಬೆರೆಸಿ. ಶನಿವಾರ ಬೆಳಿಗ್ಗೆ, ಅನ್ನ ಬೇಳೆ ಒಲೆಗೆ ಹತ್ತೋ ಮೊದಲೇ ಇದನ್ನು ಮುಗಿಸಿ ಅಜ್ಜಿಗೆ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನ ಜೊತೆ ಎತ್ತಿಟ್ಟುಬಿಡಿ.

ವಿದ್ಯಾಗಿರಿ ವೈನಿ

ಅಜ್ಜಿಗೆ ಪಾಯಸ ಒಂದೇ ಸಾಲದು. ತೆಳು ಅವಲಕ್ಕಿಗೆ ಗಟ್ಟಿ ಮೊಸರು, ಹಾಲು, ಕಾಯಿತುರಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ಬೇಳೆ ಇಲ್ಲದ್ದು. ಬಡಿಸೋಕೆ ಹತ್ತು ನಿಮಿಷ ಮೊದಲು ಕಲಸಿ, ಮೊದಲೇ ಕಲಸಿದರೆ ಮುದ್ದೆಯಾಗುತ್ತೆ. ಜೊತೆಗೆ ಬಾಳೆಹಣ್ಣು. ಮೈಸೂರಿನಲ್ಲಿ ಇದ್ದೀರಿ, ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ, ನಮ್ಮ ಕಡೆ ಅದು ಕಾಣೋಕೂ ಸಿಗಲ್ಲ. ಎಲ್ಲರ ಜೊತೆಗೇ ಅವರಿಗೂ ಎಲೆ ಹಾಕಿ ಬಡಿಸಿ. ಕೋಣೆಗೆ ತಟ್ಟೆ ಕಳಿಸಬೇಡಿ.

ಸಕ್ಕರೆ ಇರುವ ಮೇಷ್ಟ್ರು

ಬೀಗರಿಗೆ ಸಕ್ಕರೆ ಕಾಯಿಲೆ ಅಂದಿರಿ, ನನಗೂ ಇದೆ. ಎಲ್ಲರ ಮುಂದೆ "ನಿಮಗೆ ಸಿಹಿ ಹಾಕಲ್ಲ" ಅಂತ ಹೇಳಬೇಡಿ, ಅದೊಂದೇ ಕೇಳಿಕೊಳ್ಳೋದು. ಕೋಸಂಬರಿ, ಪಲ್ಯ ಮೊದಲು ಧಾರಾಳವಾಗಿ ಬಡಿಸಿ, ಅರ್ಧ ಹೊಟ್ಟೆ ಅದರಲ್ಲೇ ತುಂಬಲಿ. ಬಾತ್ ಅವರು ಸಾಕು ಅಂದಾಗ ನಿಲ್ಲಿಸಿ, ಒತ್ತಾಯ ಬೇಡ. ಪಾಯಸ ಚಿಕ್ಕ ಲೋಟದಲ್ಲಿ ಕೇಳಿ ಕೊಡಿ. ಊಟವನ್ನು ಎಂಟಕ್ಕೇ ಹಾಕಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಕಷ್ಟ.

ಅಗ್ರಹಾರದ ಸೋಸಿ

ಕೋಸಂಬರಿ ವಿಷಯಕ್ಕೆ ಒಂದು ಸಾಲು: ಹೆಸರುಬೇಳೆ 250 ಗ್ರಾಂ, ಒಂದು ಗಂಟೆ ನೆನೆಸಿದರೆ ಸಾಕು. ಸೌತೆಕಾಯಿ, ಕಾಯಿ ಬೆರೆಸಿಡಿ, ಉಪ್ಪು ನಿಂಬೆಹಣ್ಣು ಮಾತ್ರ ಎಲೆ ಹಾಕಿದ ಮೇಲೆ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುತ್ತೆ.

ಬಸವನಗುಡಿ ಸೊಗಡು

ಹಿತಕಿದ ಅವರೆಬೇಳೆ ಹುಳಿ ಸೇರಿಸಬಹುದಲ್ಲ? ಮೈಸೂರು ಕಡೆ ಅದೇ ವಿಶೇಷ.

ತೀರ್ಥಹಳ್ಳಿ ಕಡೆಯವಳು

ಸೊಗಡಿನ ಅವರೆಕಾಯಿ ಬರೋಕೆ ಡಿಸೆಂಬರ್ ಆಗಬೇಕು. ಈಗ ಸಿಗೋದರಲ್ಲಿ ಆ ಘಮ ಇರಲ್ಲ. ಸಂಕ್ರಾಂತಿಗೆ ಬೀಗರನ್ನು ಮತ್ತೆ ಕರೆಯಲಿ, ಆಗ ಮಾಡಲಿ.

ಸರಸ್ವತಿಪುರಂ ಅಣ್ಣ

ಎಲ್ಲವನ್ನೂ ಕೂಡಿಸಿ ಹೀಗೆ ಮಾಡಿದ್ದೇವೆ. ಕೋಸಂಬರಿ, ಹುರುಳಿಕಾಯಿ ಪಲ್ಯ, ಬಿಸಿಬೇಳೆ ಬಾತ್, ಮೊಸರನ್ನ, ಗಸಗಸೆ ಪಾಯಸ. ಜೊತೆಗೆ ಕಜ್ಜಾಯ, ಹಪ್ಪಳ, ಉಪ್ಪಿನಕಾಯಿ. ಖಾರಾಬೂಂದಿ ಅಂಗಡಿಯಿಂದ. ಕಡಕ್ ರೊಟ್ಟಿ, ಚಟ್ನಿಪುಡಿ ಮೇಜಿನ ಮೇಲೆ. ಮಡಿ ವಿಷಯ ತಂಗಿಯನ್ನು ಕೇಳಿದೆ. ಪ್ರಯಾಣದಲ್ಲಿ ಅಷ್ಟು ನೋಡಲ್ಲ, ಬೇಳೆ ಮುಸುರೆ ತಾಗದಿದ್ದರೆ ಆಯಿತು ಅಂದಳು. ಅಜ್ಜಿಗೆ ಮೊಸರವಲಕ್ಕಿ, ಹಣ್ಣು, ಪಾಯಸ.

ಮಜ್ಜಿಗೆ ಹುಳಿ, ಸಾರು, ಪೂರಿ, ಬೋಂಡ, ಹೋಳಿಗೆ ಎಲ್ಲ ಬಿಟ್ಟೆವು. ಹಪ್ಪಳವನ್ನು ಬೀಗರು ಬರೋ ಮೊದಲೇ ಕರಿದು ಡಬ್ಬಿಗೆ ಹಾಕುತ್ತೇವೆ. ಅಮ್ಮ ಕೂತು ತರಕಾರಿ ಹೆಚ್ಚಿಕೊಡುತ್ತಾರೆ. ಎರಡೇ ಪ್ರಶ್ನೆ ಉಳಿದಿದೆ. ಮೊಸರನ್ನ ರಾತ್ರಿ ಹೊತ್ತಿಗೆ ಹುಳಿಯಾಗದ ಹಾಗೆ ಹೇಗೆ ಮಾಡೋದು? ಮೇಜಿನಲ್ಲಿ 6 ಜನ ಮಾತ್ರ ಕೂರಬಹುದು, ಉಳಿದವರನ್ನು ಆಮೇಲೆ ಕೂರಿಸೋದಾ?

ಅಗ್ರಹಾರದ ಸೋಸಿ

ಮೊಸರನ್ನಕ್ಕೆ 400 ಗ್ರಾಂ ಅಕ್ಕಿ, ಮೆತ್ತಗೆ ಬೇಯಿಸಿ ಬಿಸಿ ಇರುವಾಗಲೇ ಮಸೆಯಿರಿ. ಆರಿದ ಮೇಲೆ ಒಂದು ಲೀಟರ್ ಹಾಲು, ಒಂದು ಬಟ್ಟಲು ಮೊಸರು. ಸಂಜೆ 5ಕ್ಕೆ ಕಲಸಿದರೆ 8ಕ್ಕೆ ಸರಿಯಾಗಿ ಹದಕ್ಕೆ ಬರುತ್ತೆ. ಗಟ್ಟಿಯಾಯಿತು ಅನ್ನಿಸಿದರೆ ಮತ್ತೆ ಹಾಲೇ ಹಾಕಿ, ಮೊಸರಲ್ಲ. ಉಪ್ಪು, ಶುಂಠಿ, ಕರಿಬೇವಿನ ಒಗ್ಗರಣೆ ಕೊನೆಗೆ.

ವಿದ್ಯಾಗಿರಿ ವೈನಿ

ಎರಡು ಪಂಕ್ತಿ ಬೇಡ, ರಾತ್ರಿ ತಡವಾಗುತ್ತೆ. ಹಿರಿಯರು ಮೇಜಿಗೆ, ಉಳಿದವರೆಲ್ಲ ಅದೇ ಹಾಲ್‌ನಲ್ಲಿ ಚಾಪೆ ಹಾಸಿ ಎದುರುಬದುರು. ನೀವಿಬ್ಬರು ಬಡಿಸಿ, ಬಾತ್ ಎರಡನೇ ಸಲ ಬಡಿಸಿದ ಮೇಲೆ ಪಾತ್ರೆಗಳನ್ನು ನಡುವೆ ಇಟ್ಟು ನೀವೂ ಎಲೆ ಹಾಕಿಕೊಂಡು ಕೂತುಬಿಡಿ. ಬೇಕಾದವರು ಹಾಕಿಕೊಳ್ಳುತ್ತಾರೆ, ನಮ್ಮ ಮಂದಿಗೆ ಅದರಲ್ಲಿ ಸಂಕೋಚ ಇಲ್ಲ.

ಹಳೇ ಮೈಸೂರು

ಬಾಳೆ ಎಲೆಗೆ ಶನಿವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ. ತುದಿ ಎಲೆ ಕೇಳಿ, 20 ತೆಗೆದುಕೊಳ್ಳಿ, ತರುವಾಗ ಒಂದೆರಡು ಸೀಳುತ್ತೆ. ತುದಿ ಉಣ್ಣುವವರ ಎಡಕ್ಕೆ ಬರಲಿ. ಅಲ್ಲೇ ಚಿಗುರು ವೀಳ್ಯದೆಲೆ, ಅಡಿಕೆ, ನಾಲ್ಕು ಮಾರು ಮಲ್ಲಿಗೆ ತಗೊಳ್ಳಿ. ರಸಬಾಳೆ ಹೋದ ತಕ್ಷಣ ಸಿಗಲ್ಲ, ಗುರುವಾರವೇ ಹಣ್ಣಿನವರಿಗೆ ಹೇಳಿಡಿ. ಇನ್ನು ಸಿಲಿಂಡರ್ ಎಷ್ಟಿದೆ ಅಂತ ಇವತ್ತೇ ನೋಡಿ.

ಸರಸ್ವತಿಪುರಂ ಅಣ್ಣ

ನೋಡಿದೆ, ಈಗಿನದು ಮುಗಿಯೋಕೆ ಬಂದಿದೆ. ಬುಕ್ ಮಾಡಿದೆ.